ನೂರು ವರ್ಷ ತಡವಾಗಿ ಬಿದ್ದ ಏಟು

ತೀರ್ಥಹಳ್ಳಿ

ಪ್ರಿಯ ಗೆಳೆಯ,

ನೀನು ಕೊಟ್ಟುಹೋದ ಕಾದಂಬರಿಯನ್ನು ನಿನ್ನೆ ರಾತ್ರಿ ಮುಗಿಸಿದೆ. ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋಗಿದ್ದರಿಂದ ಕೊನೆಯ ಅಧ್ಯಾಯಗಳನ್ನು ಲಾಟೀನಿನ ಬೆಳಕಿನಲ್ಲಿ ಓದಿದೆ. ಅಷ್ಟು ಆಸೆಯಿಂದ ಓದಿದ್ದಕ್ಕೇ ಇಷ್ಟು ಬೇಸರವಾಗಿದೆ.

ಕಾದಂಬರಿ ಹೊಸದಾಗಿ ಹೇಳಹೊರಟ, ನಿದ್ದೆಹೋದ ರಾಜಕುಮಾರಿಯ ಕಥೆ ನಿನಗೆ ಗೊತ್ತು. 1812ರಲ್ಲಿ ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ಜರ್ಮನ್ ಕಥೆಯಲ್ಲಿ, ಅರಸನ ಬಳಿ ಹನ್ನೆರಡೇ ಚಿನ್ನದ ತಟ್ಟೆಗಳಿದ್ದುದರಿಂದ ಹದಿಮೂರನೆಯ ಯಕ್ಷಿಣಿಗೆ ಔತಣದ ಕರೆ ಹೋಗುವುದಿಲ್ಲ. ಆ ಸಿಟ್ಟಿಗೆ ಅವಳು ರಾಜಕುಮಾರಿಗೆ ಸಾವಿನ ಶಾಪ ಕೊಡುತ್ತಾಳೆ; ಇನ್ನೊಬ್ಬ ಯಕ್ಷಿಣಿ ಅದನ್ನು ನೂರು ವರ್ಷದ ನಿದ್ದೆಯಾಗಿ ಇಳಿಸುತ್ತಾಳೆ, ರಾಜಕುಮಾರಿಯೊಡನೆ ಇಡೀ ಅರಮನೆಯೇ ಮಲಗುತ್ತದೆ. ಹೇಳಿಕೆಯಿಲ್ಲದ ಊಟಕ್ಕೆ ಕಾಲಿಡದ ನಮ್ಮ ಸೀಮೆಯವರಿಗೆ ಆ ಅವಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಲೇಖಕರು ಅವಳನ್ನು ಒಂಟಿ ಮುದುಕಿಯಾಗಿಸಿ ಅದನ್ನು ಚೆನ್ನಾಗಿಯೇ ಹಿಡಿದಿದ್ದರು: ಔತಣದ ದಿನ ಹೊಸ ಬಟ್ಟೆಯುಟ್ಟು ಅಂಗಳದಲ್ಲಿ ಕುಳಿತ ಅವಳು ದಾರಿಯಲ್ಲಿ ಹೋಗುವ ಒಂದೊಂದು ಗಾಡಿಯ ಸದ್ದಿಗೂ ಎದ್ದು ನಿಂತು ತಲೆಗೂದಲು ಸವರಿಕೊಳ್ಳುವ ಪುಟವನ್ನು ನಾನು ಎರಡು ಸಲ ಓದಿದೆ.

ಆಮೇಲೆ ಬಂತಲ್ಲ, ಆ ತಿರುವು! ಶಾಪವೇ ಇರಲಿಲ್ಲವಂತೆ, ಮಗಳಿಗೆ ಮದ್ದು ಹಾಕಿ ಮಲಗಿಸಿದವನು ಅರಸನೇ ಅಂತೆ, ನಿದ್ದೆ ಮೂರೇ ದಿನದ್ದು, ನೂರು ವರ್ಷವೆಂಬುದು ಪಕ್ಕದ ರಾಜ್ಯವನ್ನು ಹೆದರಿಸಲು ಹಬ್ಬಿಸಿದ ಸುಳ್ಳಂತೆ. ತಂದೆಯನ್ನು ಕೆಟ್ಟವನನ್ನಾಗಿಸಿದ್ದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರಿರುವುದು ಅಡುಗೆಯವನ ವಿಷಯದಲ್ಲಿ. ಗ್ರಿಮ್ ಕಥೆಯಲ್ಲಿ ಅವನು ಅಡುಗೆಮನೆಯ ಹುಡುಗನ ಕೂದಲು ಹಿಡಿದೆಳೆಯಲು ಹೊರಟಾಗಲೇ ನಿದ್ದೆ ಕವಿಯುತ್ತದೆ. ಒಲೆಯ ಉರಿ, ಗೋಡೆಯ ಮೇಲಿನ ನೊಣ ಕೂಡ ಮಲಗುತ್ತವೆ. ನೂರು ವರ್ಷ ಕಳೆದು ಎಚ್ಚರವಾದಾಗ ಅವನು ಆ ಹುಡುಗನ ಕಪಾಳಕ್ಕೊಂದು ಬಾರಿಸುತ್ತಾನೆ. ಹೊರಗೆ ಎಷ್ಟೋ ತಲೆಮಾರುಗಳು ಮಣ್ಣಾಗಿವೆ, ಒಳಗೆ ಅವನ ಸಿಟ್ಟು ಇನ್ನೂ ಆರಿಲ್ಲ. ಈ ಕಾದಂಬರಿಯಲ್ಲೂ ಆ ಏಟು ಇದೆ; ಆದರೆ ಮೂರು ದಿನದ ನಿದ್ದೆಯ ಮೇಲೆ ಬಿದ್ದು ಅದು ಬರೀ ಏಟಾಗಿದೆ.

ಮಲಗಿದ ಕೋಟೆಯ ಸುತ್ತ ಬೆಳೆಯುವ ಮುಳ್ಳುಬೇಲಿಯದೂ ಅದೇ ಗತಿ. ಗ್ರಿಮ್ ಕಥೆಯಲ್ಲಿ ಕಾಲ ತುಂಬಿದ್ದರಿಂದ ಮುಳ್ಳೆಲ್ಲ ತಾನಾಗಿ ಹೂವಾಗಿ ದಾರಿ ಬಿಡುತ್ತದೆ. ಇಲ್ಲಿ ಆಳುಗಳು ಕಡಿದು ಹಾಕುತ್ತಾರೆ. ಮೂರು ದಿನದಲ್ಲಿ ಕೋಟೆಯನ್ನು ಮುಚ್ಚುವಷ್ಟು ಬೇಲಿ ನಮ್ಮ ಆಗುಂಬೆಯ ಮಳೆಗೂ ಬೆಳೆಯದು, ಮಾರಾಯ.

ಆದರೆ ಮನಸ್ಸಿಗೆ ಹೆಚ್ಚು ಚುಚ್ಚಿದ್ದು ಮುದುಕಿಯ ಸಂಗತಿ. ಶಾಪ ಕೊಡದಿದ್ದ ಮೇಲೆ ಅವಳ ಕೆಲಸ ಮುಗಿಯಿತೆಂದುಕೊಂಡರೋ ಏನೋ, ತಿರುವಿನ ನಂತರದ ಪುಟಗಳಲ್ಲಿ ಅವಳ ಸುಳಿವೇ ಇಲ್ಲ. ಕೊನೆಯ ಮದುವೆಯೂಟಕ್ಕೂ ಅವಳನ್ನು ಯಾರೂ ಕರೆಯಲಿಲ್ಲ.

ಪುಸ್ತಕದ ರಟ್ಟಿಗೆ ಸ್ವಲ್ಪ ಬೂಷ್ಟು ಹಿಡಿದಿದೆ. ಬಿಸಿಲು ಬಂದ ದಿನ ಒಣಗಿಸಿ ಕಳಿಸುತ್ತೇನೆ.

ನಿನ್ನ ಗೆಳೆಯ