ಗಿನಿಪಿಗ್‌ಗೆ ಉಪವಾಸ ಹೇಳಿದ ನಿಮ್ಮ ಸಹಾಯವಾಣಿಯ ಮೇಲೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಸಾಕುಪ್ರಾಣಿ ಆರೋಗ್ಯ ಸಹಾಯವಾಣಿ

ವಿಷಯ: ಕರುಳಿನ ಚಲನೆ ನಿಂತುಹೋಗಿದ್ದ ಗಿನಿಪಿಗ್‌ಗೆ ನಾಯಿಗೆ ಹೇಳುವ ಸಲಹೆ ಕೊಟ್ಟು, ಜೀವಕ್ಕೆ ಅಪಾಯವಾಗುವ ಆಂಟಿಬಯೋಟಿಕ್ ಬರೆದುಕೊಟ್ಟ ಬಗ್ಗೆ.

ಮಾನ್ಯರೇ,

ನಾನು ನಿಮ್ಮ ಸೇವೆಯ ವಾರ್ಷಿಕ ಚಂದಾದಾರೆ. ಇದೇ ವಿಚಾರವನ್ನು ನಿಮ್ಮ ಆ್ಯಪ್‌ನ ದೂರು ವಿಭಾಗದಲ್ಲಿ ಈಗಾಗಲೇ ಬರೆದಿದ್ದೆ. ಬಂದ ಉತ್ತರದಲ್ಲಿ ನನ್ನ ಅನುಭವಕ್ಕೆ ವಿಷಾದವಿತ್ತು, ಮುಂದಿನ ಕರೆಗೆ ರಿಯಾಯಿತಿ ಕೂಪನ್ ಇತ್ತು, ನಾನು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ. ಕೂಪನ್ ನನಗೆ ಬೇಡ. ನಡೆದದ್ದನ್ನೆಲ್ಲ ಮತ್ತೊಮ್ಮೆ ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಪ್ರಾಣಿಗಳ ವೈದ್ಯಕೀಯ ಗೊತ್ತಿರುವ ಯಾರಾದರೂ ಓದಲಿ.

ನಮ್ಮ ಚಿನ್ನಿ ಒಂದು ಸಂಜೆ ಹುಲ್ಲು ಮುಟ್ಟಲಿಲ್ಲ. ದೊಣ್ಣೆಮೆಣಸಿನ ತುಂಡು ಕಂಡರೆ ಕೀಚ್ ಕೀಚ್ ಎಂದು ಮನೆಯೆಲ್ಲ ಎಬ್ಬಿಸುವವಳು, ಅಂದು ಅದನ್ನು ಮೂಸಿಯೂ ನೋಡದೆ ಮೂಲೆಯಲ್ಲಿ ಬೆನ್ನು ಬಾಗಿಸಿ ಕೂತುಬಿಟ್ಟಳು. ನಡುನಡುವೆ ಹಲ್ಲು ಮಸೆಯುತ್ತಿದ್ದಳು. ಮಧ್ಯಾಹ್ನದಿಂದ ಬಿದ್ದಿದ್ದ ಹಿಕ್ಕೆಗಳು ಸಣ್ಣಗೆ, ಒಣಕಲಾಗಿ, ಒಂದು ತುದಿಯಲ್ಲಿ ಚೂಪಾಗಿದ್ದವು. ಸಂಜೆಯ ಹೊತ್ತಿಗೆ ಅವೂ ನಿಂತವು. ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿ, ಬೆರಳಿಂದ ಮೆಲ್ಲಗೆ ತಟ್ಟಿದರೆ ತಮಟೆಯಂತೆ ಸದ್ದಾಗುತ್ತಿತ್ತು. ಬೇಟೆಗೆ ಬಲಿಯಾಗುವ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಗಿನಿಪಿಗ್ ಇಷ್ಟು ತೋರಿಸಿಕೊಂಡಿತೆಂದರೆ ಒಳಗೆ ವಿಷಯ ಕೈಮೀರುತ್ತಿದೆ ಎಂದೇ ಅರ್ಥ. ಅದಕ್ಕೇ ತಡಮಾಡದೆ ನಿಮಗೆ ಕರೆ ಮಾಡಿದೆ. ನಿಮ್ಮ ಜಾಹೀರಾತಿನಲ್ಲಿ ನಾಯಿ, ಬೆಕ್ಕಿನ ಪಕ್ಕದಲ್ಲೇ ಮೊಲ, ಗಿನಿಪಿಗ್, ಹಕ್ಕಿಗಳ ಚಿತ್ರಗಳಿವೆ. ‘ಎಲ್ಲ ಸಾಕುಪ್ರಾಣಿಗಳಿಗೂ, ಹಗಲೂ ರಾತ್ರಿಯೂ’ ಎಂದು ಕೆಳಗೆ ಬರೆದಿದ್ದೀರಿ.

ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ನಿಮ್ಮ ಸಿಬ್ಬಂದಿ ಕೇಳಿದ ಮೊದಲ ಪ್ರಶ್ನೆ, ‘ವಾಂತಿ ಎಷ್ಟು ಸಲ ಆಗಿದೆ ಮೇಡಂ?’ ಗಿನಿಪಿಗ್‌ಗೆ ವಾಂತಿ ಮಾಡಲು ಆಗುವುದಿಲ್ಲ. ಅದರ ದೇಹದ ರಚನೆಯೇ ಹಾಗೆ, ಹೊಟ್ಟೆಗೆ ಹೋದದ್ದು ಮೇಲೆ ಬರುವುದಿಲ್ಲ. ಉಬ್ಬರ ಅಷ್ಟು ಅಪಾಯಕಾರಿಯಾಗಲು ಅದೂ ಒಂದು ಕಾರಣ. ಅದನ್ನು ತಿಳಿಸಿದೆ. ಒಂದು ಕ್ಷಣ ಸುಮ್ಮನಿದ್ದು, ‘ಈ ವರ್ಷದ ಲಸಿಕೆ ಹಾಕಿಸಿದ್ದೀರಾ?’ ಎಂದರು. ಗಿನಿಪಿಗ್‌ಗಳಿಗೆ ವಾಡಿಕೆಯ ಲಸಿಕೆ ಎಂಬುದೇ ಇಲ್ಲ. ಅವರು ಪರದೆಯ ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಿದ್ದಾರೆ, ಆ ಪ್ರಶ್ನೆಗಳು ಬೇರೆ ಪ್ರಾಣಿಯವು ಎಂಬುದು ನನಗೆ ಆಗಲೇ ಗೊತ್ತಾಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವರ ದನಿಯಲ್ಲಿ ಕಾಳಜಿಯಿತ್ತು. ಅವರ ಕೈಗೆ ಆ ಕಾಗದ ಕೊಟ್ಟವರು ನೀವು.

ಆಮೇಲೆ ನಿಮ್ಮ ವೈದ್ಯರು ವಿಡಿಯೊದಲ್ಲಿ ಬಂದರು. ತೂಕ ಕೇಳಲಿಲ್ಲ. ಕೊನೆಯ ಹಿಕ್ಕೆ ಯಾವಾಗ ಬಿತ್ತು ಎಂದೂ ಕೇಳಲಿಲ್ಲ. ‘ಹೊಟ್ಟೆಗೆ ವಿಶ್ರಾಂತಿ ಬೇಕು, 24 ಗಂಟೆ ಏನೂ ಕೊಡಬೇಡಿ, ನಾಳೆ ನೋಡೋಣ’ ಎಂದು ಹೇಳಿ ಅಮಾಕ್ಸಿಸಿಲಿನ್ ಸಿರಪ್ ಬರೆದರು. ಕರೆ ಮುಗಿದ ಮೇಲೆ ಬಂದ ಸಂದೇಶದಲ್ಲಿ ಉಪವಾಸದ ನಂತರ ಬೇಯಿಸಿದ ಅನ್ನವನ್ನೂ ಬೇಯಿಸಿದ ಕೋಳಿಮಾಂಸವನ್ನೂ ಸ್ವಲ್ಪ ಸ್ವಲ್ಪವಾಗಿ ಕೊಡಿ, ತನ್ನ ಮಲ ತಾನೇ ತಿನ್ನದಂತೆ ನೋಡಿಕೊಳ್ಳಿ ಎಂದಿತ್ತು. ಹುಲ್ಲು, ಸೊಪ್ಪು ಬಿಟ್ಟು ಬೇರೇನನ್ನೂ ಅರಿಯದ ಪ್ರಾಣಿಗೆ ಕೋಳಿಮಾಂಸ! ಇನ್ನು ಮಲದ ವಿಷಯ: ಗಿನಿಪಿಗ್ ತನ್ನ ಮೆತ್ತನೆಯ ಹಿಕ್ಕೆಗಳನ್ನು ದಿನವೂ ತಿನ್ನುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ಬಿ ವಿಟಮಿನ್‌ಗಳು ಅದಕ್ಕೆ ಮರಳಿ ಸಿಗುವುದು ಹಾಗೆಯೇ. ಅದನ್ನು ತಪ್ಪಿಸಲು ಹೇಳುವುದು ಊಟ ತಪ್ಪಿಸಲು ಹೇಳಿದಂತೆಯೇ.

ಆ ರಾತ್ರಿ ನಾವು ಚಿನ್ನಿಗೆ ಏನೂ ಕೊಡಲಿಲ್ಲ. ದುಡ್ಡು ಕೊಟ್ಟು ವೈದ್ಯರ ಸಲಹೆ ಪಡೆಯುವುದು ಪಾಲಿಸಲಿಕ್ಕೇ ಅಲ್ಲವೇ? ಸಿರಪ್ ಅವಳ ಬಾಯಿಗೆ ಬೀಳದೆ ಉಳಿದದ್ದು ಔಷಧದ ಅಂಗಡಿ ಬೆಳಗಿನವರೆಗೆ ಮುಚ್ಚಿದ್ದರಿಂದ, ಅಷ್ಟೇ. ಒಂದು ಜೀವ ಉಳಿಯಲು ಅಂಗಡಿಯ ಬಾಗಿಲು ಹಾಕಿರಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಬೆಳಿಗ್ಗೆ ಮೊಲ, ಗಿನಿಪಿಗ್‌ಗಳನ್ನು ನೋಡುವ ಪಶುವೈದ್ಯರೊಬ್ಬರನ್ನು ಹುಡುಕಿಕೊಂಡು ಹೋದೆವು. ನಿಮ್ಮ ಚೀಟಿ ನೋಡುತ್ತಲೇ ಅವರು ಕೇಳಿದ್ದು ಒಂದೇ ಮಾತು: ‘ಇದನ್ನು ಕೊಟ್ಟುಬಿಟ್ಟಿದ್ದೀರಾ?’ ಇಲ್ಲ ಎಂದ ಮೇಲೆಯೇ ಅವರು ಚಿನ್ನಿಯನ್ನು ಕೈಗೆತ್ತಿಕೊಂಡದ್ದು.

ಅವರು ವಿವರಿಸಿದ್ದನ್ನು ನಿಮಗೂ ಹೇಳಬೇಕು, ಏಕೆಂದರೆ ನನ್ನ ದೂರಿನ ತಿರುಳು ಅದರಲ್ಲಿದೆ. ನಾಯಿ ಮಾಂಸ ತಿಂದು, ಜೀರ್ಣಿಸಿ, ಮುಂದಿನ ಊಟದವರೆಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಬದುಕಬಲ್ಲ ಪ್ರಾಣಿ. ಗಿನಿಪಿಗ್ ಹಾಗಲ್ಲ. ಅದರ ಜೀರ್ಣಾಂಗದಲ್ಲಿರುವ ಪದಾರ್ಥದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಕಮ್ ಎಂಬ ದೊಡ್ಡ ಚೀಲದಲ್ಲಿರುತ್ತದೆ. ಹುಲ್ಲಿನ ನಾರು ಅಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗುತ್ತದೆ. ಉದ್ದ ನಾರು ಮೇಲಿಂದ ಒಂದೇ ಸಮ ಬರುತ್ತಿದ್ದರೆ ಮಾತ್ರ ಈ ಕರುಳು ಚಲಿಸುತ್ತದೆ. ಬರುವುದು ನಿಂತರೆ ಚಲನೆ ಮಂದವಾಗುತ್ತದೆ, ಒಳಗಿದ್ದದ್ದು ಒಣಗುತ್ತದೆ, ಕೆಟ್ಟ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಗಾಳಿ ತುಂಬುತ್ತದೆ. ನೋವಿಗೆ ತಿನ್ನುವುದಿಲ್ಲ, ತಿನ್ನದ್ದಕ್ಕೆ ನೋವು ಹೆಚ್ಚುತ್ತದೆ. ಇತ್ತ ದೇಹ ಹಸಿವಿಗೆ ತನ್ನ ಕೊಬ್ಬನ್ನೇ ಕರಗಿಸತೊಡಗಿ ಅದು ಯಕೃತ್ತಿನಲ್ಲಿ ಬಂದು ಸೇರುತ್ತದೆ. ಗಿನಿಪಿಗ್ 12 ಗಂಟೆ ಏನೂ ತಿನ್ನದಿದ್ದರೆ ಅದನ್ನು ತುರ್ತು ಪರಿಸ್ಥಿತಿ ಎಂದು ಭಾವಿಸಬೇಕು. ನಿಮ್ಮ ವೈದ್ಯರು ಅದರ ಎರಡರಷ್ಟು ಹೊತ್ತಿನ ಉಪವಾಸವನ್ನೇ ಚಿಕಿತ್ಸೆ ಎಂದು ಬರೆದರು. ಲಂಘನಂ ಪರಮೌಷಧಂ ಎಂಬುದು ಮನುಷ್ಯರಿಗೆ ಹೇಳಿದ ಮಾತು. ಈ ಪ್ರಾಣಿಗೆ ಲಂಘನವೇ ಕಾಯಿಲೆ.

ಅಮಾಕ್ಸಿಸಿಲಿನ್ ವಿಷಯ ಇದಕ್ಕಿಂತ ಗಂಭೀರ. ಪೆನಿಸಿಲಿನ್ ಗುಂಪಿನ ಔಷಧಗಳನ್ನು ಬಾಯಿಗೆ ಕೊಟ್ಟರೆ ಗಿನಿಪಿಗ್‌ನ ಕರುಳಿಗೆ ಆಧಾರವಾದ ಒಳ್ಳೆಯ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆದು ವಿಷ ಉಗುಳುತ್ತವೆ, ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿತ್ರೊಮೈಸಿನ್ ಇವೂ ಅದೇ ಪಟ್ಟಿಯಲ್ಲಿವೆ. ಇದೇನೂ ನಿನ್ನೆ ಮೊನ್ನೆ ಕಂಡುಕೊಂಡದ್ದಲ್ಲ. ಪೆನಿಸಿಲಿನ್ ಗಿನಿಪಿಗ್‌ಗಳನ್ನು ಕೊಲ್ಲುತ್ತದೆ ಎಂಬ ವರದಿ 1943ರಲ್ಲೇ ಪ್ರಕಟವಾಗಿದೆ. ಅಂದರೆ ಆ ಔಷಧ ಜನಬಳಕೆಗೆ ಬರುತ್ತಿದ್ದ ಕಾಲದಿಂದಲೂ ಗೊತ್ತಿರುವ ವಿಷಯ.

ಗಿನಿಪಿಗ್ ಅಪರೂಪದ ಪ್ರಾಣಿ, ಅದರ ಬಗ್ಗೆ ಮಾಹಿತಿ ಕಡಿಮೆ ಎಂದು ನಿಮ್ಮ ಉತ್ತರದಲ್ಲಿ ಒಂದು ಸಾಲಿತ್ತು. ಅದನ್ನು ಓದಿ ನನಗೆ ತುಂಬಾ ನೋವಾಯಿತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಸಾಬೀತುಪಡಿಸಿದ್ದು ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿ. 1907ರಲ್ಲಿ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಅವುಗಳಿಗೆ ಬರೀ ಧಾನ್ಯ ಹಾಕಿ ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಬರಿಸಿದರು. ವಿಟಮಿನ್ ಸಿ ಕಂಡುಹಿಡಿಯುವ ದಾರಿ ಅಲ್ಲಿಂದ ತೆರೆಯಿತು. ಮನುಷ್ಯರಂತೆ ಗಿನಿಪಿಗ್‌ಗೂ ಆ ವಿಟಮಿನ್ ತಯಾರಿಸಿಕೊಳ್ಳಲು ಆಗದಿರುವುದೇ ಇದಕ್ಕೆ ಕಾರಣ. ಮನುಷ್ಯನ ಕಾಯಿಲೆಗಳಿಗಾಗಿ ಇಷ್ಟು ಅನುಭವಿಸಿದ ಪ್ರಾಣಿ ಇದು. ಇದಕ್ಕೇ ಕಾಯಿಲೆ ಬಂದಾಗ ಗೊತ್ತಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಕರೆ ಬಂದ ತಕ್ಷಣ ‘ಈ ಪ್ರಾಣಿಯನ್ನು ನಾವು ನೋಡುವುದಿಲ್ಲ, ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೂ ನಾನು ನಿಮಗೆ ಕೈಮುಗಿಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮೊದಲು ಎಕ್ಸ್-ರೇ ತೆಗೆದರು. ಕರುಳಿನಲ್ಲಿ ಅಡಚಣೆ ಇಲ್ಲ, ಹೊಟ್ಟೆ ತಿರುಚಿಕೊಂಡಿಲ್ಲ ಎಂದು ಖಚಿತವಾಗದೆ ಕರುಳು ಚಲಿಸುವಂತೆ ಮಾಡುವ ಔಷಧ ಕೊಡುವಂತಿಲ್ಲ. ಪುಣ್ಯಕ್ಕೆ ಅಡಚಣೆ ಇರಲಿಲ್ಲ, ಗಾಳಿ ಮಾತ್ರ. ನೋವಿಗೆ ಚುಚ್ಚುಮದ್ದು, ಚರ್ಮದ ಕೆಳಗೆ ದ್ರವ, ಬೆಚ್ಚಗಿನ ಪೆಟ್ಟಿಗೆ. ಹಲ್ಲುಗಳನ್ನೂ ನೋಡಿದರು. ಗಿನಿಪಿಗ್‌ನ 20 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುವುದರಿಂದ ಎಷ್ಟೋ ಸಲ ಊಟ ಬಿಡಲು ಮೂಲ ಅಲ್ಲೇ ಇರುತ್ತದಂತೆ.

ಆಮೇಲಿನದು ಮನೆಯಲ್ಲಿ. ಹುಲ್ಲಿನ ಪುಡಿಯಿಂದ ಮಾಡಿದ ಚೇತರಿಕೆಯ ಆಹಾರವನ್ನು ಬೆಚ್ಚಗಿನ ನೀರಲ್ಲಿ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ತಿನ್ನಿಸಬೇಕು. ನೇರವಾಗಿ ಒಳಗೆ ಒತ್ತಿದರೆ ಶ್ವಾಸಕೋಶಕ್ಕೆ ಹೋಗುವ ಭಯ. ಒಂದು ಹನಿ ಬಿಡುವುದು, ಅವಳು ಜಗಿದು ನುಂಗುವವರೆಗೆ ಕಾಯುವುದು, ಮತ್ತೊಂದು ಹನಿ. ಕೆಲವು ಗಂಟೆಗಳಿಗೊಮ್ಮೆ, ರಾತ್ರಿಯೂ ಹಾಗೆಯೇ. ಮನೆಯವರೆಲ್ಲ ಸರದಿಯಲ್ಲಿ ಎದ್ದೆವು. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಟ್ಟೆವು. ಒಂದು ಕಿಲೋ ಆಸುಪಾಸಿನ ದೇಹದಲ್ಲಿ ಕೆಲವು ಗ್ರಾಂ ಇಳಿದರೂ ಎಚ್ಚರಿಕೆಯ ಗಂಟೆ. ವಿಟಮಿನ್ ಸಿ ಆರೋಗ್ಯವಾಗಿದ್ದಾಗ ದಿನಕ್ಕೆ ಒಂದು ಕಿಲೋ ತೂಕಕ್ಕೆ 10 ಮಿಲಿಗ್ರಾಂ ಸಾಕು, ಕಾಯಿಲೆಯಲ್ಲಿ 30ರವರೆಗೂ ಬೇಕು. ನೀರಿನಲ್ಲಿ ಬೆರೆಸಿದರೆ ಬೇಗ ಸತ್ವ ಕಳೆದುಕೊಳ್ಳುತ್ತದೆಂದು ಅದನ್ನೂ ಬಾಯಿಗೇ ಕೊಟ್ಟೆವು. ಅವಳ ಜೊತೆಗಾತಿಯನ್ನು ಪಕ್ಕದಲ್ಲೇ, ಕಣ್ಣಿಗೆ ಕಾಣುವಂತೆ ಇಟ್ಟಿದ್ದೆವು. ಒಂಟಿಯಾದರೆ ಈ ಪ್ರಾಣಿಗಳು ಇನ್ನಷ್ಟು ಕುಗ್ಗುತ್ತವೆ.

ಮತ್ತೆ ಹಿಕ್ಕೆ ಬಿದ್ದ ದಿನ ನಾವು ಎಷ್ಟು ಸಂತೋಷಪಟ್ಟೆವೆಂದು ಗಿನಿಪಿಗ್ ಸಾಕಿದವರಿಗೆ ಮಾತ್ರ ಅರ್ಥವಾದೀತು. ಈಗ ಚಿನ್ನಿ ತಾನಾಗಿಯೇ ಹುಲ್ಲು ತಿನ್ನುತ್ತಾಳೆ. ಆದರೆ ತೂಕ ಮೊದಲಿನಷ್ಟಾಗಿಲ್ಲ. ಕರುಳು ಒಮ್ಮೆ ನಿಂತ ಮೇಲೆ ಮತ್ತೆ ನಿಲ್ಲುವ ಸಾಧ್ಯತೆ ಇದೆ ಎಂದು ವೈದ್ಯರು ಹೇಳಿದ್ದಾರೆ. ಆ ರಾತ್ರಿ ಉಪವಾಸದ ಬದಲು ‘ತಕ್ಷಣ ಆಸ್ಪತ್ರೆಗೆ ಹೋಗಿ’ ಎಂದಿದ್ದರೆ ಇಷ್ಟು ನರಳಾಟ ಇರುತ್ತಿರಲಿಲ್ಲ ಎಂಬುದು ಅವರ ಅಭಿಪ್ರಾಯ, ನನ್ನದೂ.

‘ನಮ್ಮ ಸಲಹೆ ಸಾಮಾನ್ಯ ಮಾರ್ಗದರ್ಶನ ಮಾತ್ರ, ನೇರ ಪರೀಕ್ಷೆಗೆ ಬದಲಿಯಲ್ಲ’ ಎಂದು ನೀವು ಹೇಳುತ್ತೀರಿ. ಔಷಧದ ಹೆಸರು, ಪ್ರಮಾಣ, ಎಷ್ಟು ಸಲ ಎಂಬುದನ್ನೆಲ್ಲ ಬರೆದು ಸಹಿ ಹಾಕಿದ ಚೀಟಿ ಸಾಮಾನ್ಯ ಮಾರ್ಗದರ್ಶನ ಹೇಗಾಗುತ್ತದೆ? ಆ ಚೀಟಿಯ ಮೇಲೆ ಪ್ರಾಣಿಯ ಜಾತಿ ಎಂಬಲ್ಲಿ ‘ಗಿನಿಪಿಗ್’ ಎಂದು ಸ್ಪಷ್ಟವಾಗಿ ಮುದ್ರಿತವಾಗಿದೆ. ಅದರ ಕೆಳಗಿನ ಸಾಲಿನಲ್ಲೇ ಅಮಾಕ್ಸಿಸಿಲಿನ್ ಇದೆ. ಈ ಎರಡು ಪದಗಳು ಒಂದೇ ಚೀಟಿಯಲ್ಲಿ ಬಂದರೆ ತಡೆಯುವ ವ್ಯವಸ್ಥೆಯನ್ನು ನಿಮ್ಮ ತಂತ್ರಾಂಶದಲ್ಲಿ ಅಳವಡಿಸುವುದು ದೊಡ್ಡ ಕೆಲಸವೇನಲ್ಲ. ನನ್ನ ಮೊದಲ ಬೇಡಿಕೆ ಅದೇ. ಗಿನಿಪಿಗ್ ಅಷ್ಟೇ ಅಲ್ಲ, ಮೊಲ, ಹ್ಯಾಮ್‌ಸ್ಟರ್, ಚಿಂಚಿಲಾಗಳಿಗೂ ಇದೇ ಅಪಾಯವಿದೆ. ಅವುಗಳನ್ನೂ ಸೇರಿಸಿ.

ಜೊತೆಗೆ, ಸಿಬ್ಬಂದಿಗೆ ಕೊಟ್ಟಿರುವ ಪ್ರಶ್ನಾವಳಿಯನ್ನು ಈ ಪ್ರಾಣಿಗಳಿಗಾಗಿ ಬೇರೆಯಾಗಿ ಬರೆಸಿ. ಕೊನೆಯದಾಗಿ ತಿಂದದ್ದು ಯಾವಾಗ, ಕೊನೆಯ ಹಿಕ್ಕೆ ಯಾವಾಗ, ಹೊಟ್ಟೆ ಬಿಗಿದಿದೆಯೇ ಎಂಬ ಮೂರು ಪ್ರಶ್ನೆಗಳು ಸಾಕು, ಯಾವ ಕರೆ ತುರ್ತಿನದು ಎಂದು ಗೊತ್ತಾಗುತ್ತದೆ. ಅದಾಗುವವರೆಗೆ ಜಾಹೀರಾತಿನಿಂದ ಗಿನಿಪಿಗ್‌ನ ಚಿತ್ರ ತೆಗೆಯಿರಿ. ನನ್ನಂತೆಯೇ ಆ ಚಿತ್ರ ನಂಬಿ ನಡುರಾತ್ರಿ ಕರೆ ಮಾಡುವವರು ಬೇರೆಯವರೂ ಇರುತ್ತಾರೆ; ಅವರ ಊರಿನ ಔಷಧದ ಅಂಗಡಿ ರಾತ್ರಿಯೂ ತೆರೆದಿರಬಹುದು.

ಚಿನ್ನಿಯ ಹೆಸರಿನಲ್ಲಿ ನಿಮ್ಮಲ್ಲಿರುವ ದಾಖಲೆಯಲ್ಲಿ ‘ಸಲಹೆ ನೀಡಲಾಗಿದೆ, ಪ್ರಕರಣ ಮುಕ್ತಾಯ’ ಎಂದಿದೆ. ಅದನ್ನು ತಿದ್ದಿ, ತಪ್ಪು ಔಷಧ ಸೂಚಿಸಲಾಗಿತ್ತು ಎಂದು ನಮೂದಿಸಬೇಕು. ಚಂದಾ ಹಣವನ್ನು ಮರಳಿಸಬೇಕು, ಆಸ್ಪತ್ರೆಯ ಖರ್ಚಿನ ಬಗ್ಗೆ ನಿಮ್ಮ ನಿಲುವು ತಿಳಿಸಬೇಕು. ಹಣ ನನಗೆ ಮುಖ್ಯವಲ್ಲದಿದ್ದರೂ ಅದನ್ನು ಬಿಟ್ಟುಕೊಡುವುದಿಲ್ಲ, ಖರ್ಚಿಲ್ಲದ ತಪ್ಪನ್ನು ಯಾವ ಸಂಸ್ಥೆಯೂ ತಿದ್ದಿಕೊಳ್ಳುವುದಿಲ್ಲ.

ನಿಮ್ಮ ವೈದ್ಯರು ಬರೆದ ಚೀಟಿ, ಕರೆಯ ನಂತರ ಬಂದ ಸಂದೇಶ, ಎಕ್ಸ್-ರೇ ವರದಿ ಮತ್ತು ಚಿಕಿತ್ಸೆ ಕೊಟ್ಟ ಪಶುವೈದ್ಯರ ಟಿಪ್ಪಣಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಕರೆಯ ಧ್ವನಿಮುದ್ರಣ ನಿಮ್ಮಲ್ಲಿದೆ, ಅದನ್ನು ಅಳಿಸದೆ ಕಾಯ್ದಿರಿಸಿ. ನಿಮ್ಮ ಮುಖ್ಯ ಪಶುವೈದ್ಯರ ಸಹಿಯಿರುವ ಲಿಖಿತ ಉತ್ತರ ಬೇಕು. ಅದು ಬರದಿದ್ದರೆ ಇವೇ ಕಾಗದಗಳೊಂದಿಗೆ ಪಶುವೈದ್ಯರ ನೋಂದಣಿ ಮಂಡಳಿಗೂ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ.

ಇಂತಿ,
ನಿಮ್ಮ ಚಂದಾದಾರೆ, ಚಿನ್ನಿಯನ್ನು ಸಾಕುತ್ತಿರುವವಳು