ಭಾನುವಾರದ ಚರ್ಚೆ: ಬಂಗಾಸು ಪಟ್ಟಣದ ಇತಿಹಾಸ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಇದೇ ಭಾನುವಾರ ಸಂಜೆ 6 ಗಂಟೆಯ ಆನ್‌ಲೈನ್ ಚರ್ಚೆಯಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ಬಂಗಾಸು ಪಟ್ಟಣದ ಇತಿಹಾಸವನ್ನು ಕೈಗೆತ್ತಿಕೊಳ್ಳಲಿದ್ದೇವೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಡಿಯಾಗಿ ಹರಿಯುವ ಎಂಬೊಮು ನದಿಯ ದಡದಲ್ಲಿರುವ ಈ ಊರಿಗೆ ನ್ಜಾಕಾರ ಜನಾಂಗದ ಸುಲ್ತಾನ ಬಂಗಾಸುವಿನ ಹೆಸರೇ ಉಳಿದಿರುವುದರಿಂದ, ಮಾತನ್ನು ಸೆಲೆಕಾ ಎಂಬ ಬಂಡುಕೋರ ಒಕ್ಕೂಟದ 2013ರ ಬಂಡಾಯದಿಂದಲ್ಲ, ಸುಲ್ತಾನರ ಆಳ್ವಿಕೆ ಮತ್ತು ಫ್ರೆಂಚರ ಆಗಮನದಿಂದ ಆರಂಭಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ. (ಯುದ್ಧ ಬಂದಾಗಷ್ಟೇ ಊರು ಹುಟ್ಟಿತೆಂಬಂತೆ ಬರೆಯುವ ವರದಿಗಳೇ ಹೆಚ್ಚು.)

ಹೆಚ್ಚು ಸಮಯ ಬೇಕಾಗುವುದು 2017ರ ಮೇ ತಿಂಗಳ ಘಟನೆಗಳಿಗೆ: ಟೊಕೊಯೊ ಬಡಾವಣೆಯ ಮೇಲೆ ಸಶಸ್ತ್ರ ಗುಂಪುಗಳು ದಾಳಿ ಮಾಡಿದಾಗ ಅಲ್ಲಿನ ಮುಸ್ಲಿಮರು ಮೊದಲು ಮಸೀದಿಯಲ್ಲಿ, ಅನಂತರ ಕ್ಯಾಥೊಲಿಕ್ ಗುರುಮಠದ (ಪಾದ್ರಿಗಳ ತರಬೇತಿ ಶಾಲೆಯ) ಆವರಣದಲ್ಲಿ ಆಶ್ರಯ ಪಡೆದರು. 2021ರ ಜನವರಿಯಲ್ಲಿ ಬಂಡುಕೋರರು ಪಟ್ಟಣವನ್ನು ವಶಪಡಿಸಿಕೊಂಡಾಗ ಸಾವಿರಾರು ಮಂದಿ ನದಿ ದಾಟಿ ಕಾಂಗೋದ ನ್ಡು ಗ್ರಾಮ ಸೇರಿದರು.

ಭಾಗವಹಿಸುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ, ನಕ್ಷೆಯಲ್ಲಿ ನದಿಯನ್ನೂ ನ್ಡುವನ್ನೂ ಗುರುತಿಸಿಕೊಂಡು ಬರಬೇಕು. ಫ್ರೆಂಚ್ ಓದಬಲ್ಲವರು ಯಾರಾದರೂ ಇದ್ದರೆ ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಬೇಕೆಂದು ಕೋರುತ್ತೇನೆ. ಹಿಂಸೆಯ ಚಿತ್ರಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.