ಈ ಭಾನುವಾರ ಫಾರ್ಮಿಗಾ ಬಗ್ಗೆ ಮಾತು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗುಂಪಿನಲ್ಲಿ ಬ್ರೆಜಿಲ್ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವರು) ಆಗಿದ್ದ ಫಾರ್ಮಿಗಾ ಅವರ ಬಗ್ಗೆ ಮಾತನಾಡೋಣ. ಅದೇ ತಂಡದ ತಾರೆ ಮಾರ್ತಾ ಹೆಸರು ಎಲ್ಲರಿಗೂ ಗೊತ್ತು. ಅವರ ಬೆನ್ನ ಹಿಂದೆ ನಿಂತು ಚೆಂಡು ಕಸಿದು ಕೊಡುತ್ತಿದ್ದ ಈ ಹೆಣ್ಣುಮಗಳನ್ನು ನಾವು ಅಷ್ಟಾಗಿ ನೆನೆಯುವುದೇ ಇಲ್ಲ ಎಂಬ ಬೇಸರ ನನಗೆ ಬಹಳ ದಿನಗಳಿಂದ ಇದೆ.

ಅವರು ಹುಟ್ಟಿದ್ದು 1978ರಲ್ಲಿ, ಸಾಲ್ವಡಾರ್ ನಗರದಲ್ಲಿ. ಬ್ರೆಜಿಲ್‌ನಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದಕ್ಕೆ 1941ರಿಂದ ಇದ್ದ ನಿಷೇಧ ಆಗಿನ್ನೂ ತೆರವಾಗಿರಲಿಲ್ಲ. ಅಂಥ ನೆಲದಿಂದ ಬಂದು 1995ರಿಂದ 2019ರವರೆಗೆ ಏಳು ವಿಶ್ವಕಪ್, 1996ರಿಂದ ಟೋಕಿಯೊವರೆಗೆ ಏಳು ಒಲಿಂಪಿಕ್ಸ್ ಆಡಿದರು. ಎರಡು ಬೆಳ್ಳಿ ಪದಕಗಳು ಬಂದವು, ಚಿನ್ನ ಕೈಗೆಟುಕಲಿಲ್ಲ. ‘ಫಾರ್ಮಿಗಾ’ ಎಂದರೆ ಪೋರ್ಚುಗೀಸ್‌ನಲ್ಲಿ ಇರುವೆ. ದಣಿವರಿಯದೆ ಮೈದಾನವಿಡೀ ಓಡಾಡುವವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಸಾಧ್ಯವಾದರೆ ಎರಡು ಪಂದ್ಯಗಳ ತುಣುಕು ನೋಡಿಕೊಂಡು ಬನ್ನಿ. ಮೊದಲನೆಯದು 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧದ್ದು: ಎದುರಾಳಿ ಹಿಂದಕ್ಕೆ ತಳ್ಳಿದ ಚೆಂಡು ತುಸು ಸಡಿಲವಾದದ್ದೇ ತಡ, 37ರ ಫಾರ್ಮಿಗಾ ನುಗ್ಗಿ ಗೋಲು ಹೊಡೆಯುತ್ತಾರೆ. ಮತ್ತೊಂದು ನಮಗೆ ಹತ್ತಿರದ್ದು. ದೇಶಕ್ಕಾಗಿ ಅವರ ಕೊನೆಯ ಆಟ 2021ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮನೌಸ್ ನಗರದಲ್ಲಿ ನಡೆದದ್ದು ಭಾರತದ ವಿರುದ್ಧವೇ! ನಾವು 6–1ರಿಂದ ಸೋತೆವು, ನಿಜ. ಆದರೆ ಆ ಒಂದು ಗೋಲು ಮನೀಷಾ ಕಲ್ಯಾಣ್ ಅವರದು. ಅದನ್ನು ತಪ್ಪದೆ ನೋಡಿ. ದ್ವಿತೀಯಾರ್ಧದಲ್ಲಿ ಫಾರ್ಮಿಗಾ ಬದಲಿಯಾಗಿ ಒಳಬರುವ ಕ್ಷಣವನ್ನೂ.

ಫುಟ್‌ಬಾಲ್ ಆಡುವ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.